ಎರವಲು ಪುಸ್ತಕವೂ ಅರಿವಿನ ದಾಸೋಹವೂ

(ಶ್ರೀಮಠದ ಸುವರ್ಣ ಮಹೋತ್ಸವದ ಅಂಗವಾಗಿ ಜರುಗಿದ ಗೋಷ್ಠಿಯಲ್ಲಿ ಶ್ರೀಮಠದ ಪಂಡಿತರು ಮಾಡಿದ ಉಪನ್ಯಾಸ)

 

ಈ ಮಂಗಳ ಸಮಾರಂಭದಲ್ಲಿ ಗ್ರಂಥದಾಸೋಹವನ್ನು ಕುರಿತು ನಾಲ್ಕು ಮಾತುಗಳನ್ನು ಬಿನ್ನವಿಸಬೇಕೆಂದು ಸನ್ನಿಧಾನಂಗಳವರು ನನಗೆ ಅಪ್ಪಣೆ ಕೊಡಿಸಿರುತ್ತಾರೆ. ಪಾಠಶಾಲೆಯಲ್ಲಿ ಗುರುಮುಖದಿಂದ ವ್ಯಾಕರಣವನ್ನೂ ಶಾಸ್ತ್ರವನ್ನೂ ಯತ್ಕಿಂಚಿತ್ ಕಲಿತ ನನ್ನಂಥವನು ವಿದ್ಯುನ್ಮಾನ ಪುಸ್ತಕಗಳ ವಿಷಯವಾಗಿ ಮಾತನಾಡುವುದು ಹಲವರಿಗೆ ವಿಚಿತ್ರವೆಂದು ತೋರಬಹುದು. ಆದರೆ ಈ ವಿಷಯದಲ್ಲಿ ನನ್ನಿಂದಲೇ ಒಂದು ತಪ್ಪು ನಡೆದಿರುವುದರಿಂದ, ಅದನ್ನು ಮೊದಲು ಸಭೆಗೆ ಅರಿಕೆ ಮಾಡಿಕೊಂಡು ಮುಂದಕ್ಕೆ ಹೋಗುವುದೇ ನ್ಯಾಯವೆಂದು ತಿಳಿದಿದ್ದೇನೆ.

ಶ್ರೀಮಠದ ಗ್ರಂಥಭಂಡಾರದ ಕೀಲಿಕೈ ಅನೇಕ ವರ್ಷಗಳಿಂದ ನನ್ನ ವಶದಲ್ಲಿರುವುದನ್ನು ನೀವೆಲ್ಲರೂ ಬಲ್ಲಿರಿ. ಬಹುದಿನಗಳ ಹಿಂದೆ ಒಂದು ಸಂಜೆ ಪೀಣ್ಯದ ಕಾರ್ಖಾನೆಯೊಂದರಲ್ಲಿ ಲೇತಿನ ಕೆಲಸ ಮಾಡುವ ಒಬ್ಬ ತರುಣನು ಪ್ರಸಾದ ಮುಗಿಸಿಕೊಂಡು ನನ್ನ ಬಳಿಗೆ ಬಂದನು. ಕೈಯಲ್ಲಿ ಇನ್ನೂ ಎಣ್ಣೆಯ ಕರೆಯಿತ್ತು. ಶೂನ್ಯಸಂಪಾದನೆಯನ್ನು ಓದಬೇಕೆಂಬ ಆಸೆಯಿದೆ, ಹದಿನೈದು ದಿನಗಳ ಮಟ್ಟಿಗೆ ಎರವಲಾಗಿ ಕೊಟ್ಟರೆ ಜೋಪಾನವಾಗಿ ಹಿಂದಿರುಗಿಸುತ್ತೇನೆ ಎಂದು ವಿನಯದಿಂದ ಕೇಳಿದನು. ಮಠದ ಗ್ರಂಥಗಳನ್ನು ಹೊರಗೆ ಕೊಡುವ ಪದ್ಧತಿಯಿಲ್ಲ, ಬೇಕಾದರೆ ಹಗಲಿನಲ್ಲಿ ಇಲ್ಲಿಯೇ ಬಂದು ಕುಳಿತು ಓದಿಕೊಳ್ಳಬಹುದು ಎಂದು ನಾನು ಹೇಳಿ ಕಳುಹಿಸಿದೆನು. ಹಗಲಿನಲ್ಲಿ ಆತನಿಗೆ ಕಾರ್ಖಾನೆಯುಂಟೆಂಬುದು ಆಗ ನನ್ನ ಬುದ್ಧಿಗೆ ಹೊಳೆಯಲಿಲ್ಲ. ಆತನು ಶರಣು ಮಾಡಿ ಹೊರಟುಹೋದನು, ಮತ್ತೆ ಬರಲಿಲ್ಲ. ಆತನ ಹೆಸರನ್ನು ಕೂಡ ನಾನು ಕೇಳಿರಲಿಲ್ಲ.

ಕೆಲವು ವರ್ಷಗಳಾದ ಮೇಲೆ ಒಂದು ಮಳೆಗಾಲದಲ್ಲಿ ಆ ಕಪಾಟನ್ನು ತೆರೆದು ನೋಡಲಾಗಿ, ಕೆಳಗಿನ ಎರಡು ಅರೆಗಳಿಗೆ ಗೆದ್ದಲು ಹತ್ತಿತ್ತು. ಆತನು ಕೇಳಿದ ಗ್ರಂಥವೂ ಅವುಗಳಲ್ಲಿಯೇ ಇದ್ದಿತು. ರಟ್ಟು ಮಾತ್ರ ನೆಟ್ಟಗಿದ್ದು ಒಳಗೆಲ್ಲ ಮಣ್ಣಾಗಿತ್ತು. ಯಾರಿಗೂ ಕೊಡದೆ ಕಾಪಾಡಿದ ಪುಸ್ತಕವು ಆ ತರುಣನಿಗೂ ದಕ್ಕಲಿಲ್ಲ, ಮಠಕ್ಕೂ ಉಳಿಯಲಿಲ್ಲ. ಕಾಯುವುದಕ್ಕೂ ಬಚ್ಚಿಡುವುದಕ್ಕೂ ಇರುವ ಅಂತರವನ್ನು ನಾನು ಅಂದು ಕಲಿತೆನು. ಇಂದಿನ ನನ್ನ ಮಾತುಗಳೆಲ್ಲವೂ ಆ ಒಂದು ಪಾಠದ ವಿಸ್ತರಣೆಯೆಂದೇ ತಿಳಿಯಬೇಕು.

ಮಹನೀಯರೆ, ಗ್ರಂಥಗಳನ್ನು ಕಟ್ಟಿಹಾಕುವ ಈ ಬುದ್ಧಿ ನಮ್ಮೊಬ್ಬರದೇ ಅಲ್ಲ. ಪೂರ್ವದಲ್ಲಿ ಯೂರೋಪು ಖಂಡದ ಗ್ರಂಥಾಲಯಗಳಲ್ಲಿ ಪುಸ್ತಕಗಳನ್ನು ಕಬ್ಬಿಣದ ಸರಪಣಿಗಳಿಂದ ಬಿಗಿದಿಡುತ್ತಿದ್ದರು. ಇಂಗ್ಲೆಂಡಿನ ಹೆರ್‌ಫರ್ಡ್ ಪಟ್ಟಣದ ಪ್ರಧಾನ ಇಗರ್ಜಿಯಲ್ಲಿ ಅಂಥ ಗ್ರಂಥಾಲಯವೊಂದು ಇಂದಿಗೂ ಇದೆ. ಈ ಸರಪಣಿಯನ್ನು ನಮ್ಮ ದೇಶದವರ ಮನಸ್ಸಿನಿಂದ ಕಳಚಲು ಶ್ರಮಿಸಿದವರಲ್ಲಿ ಎಸ್. ಆರ್. ರಂಗನಾಥನ್ ಅವರು ಅಗ್ರಗಣ್ಯರು. ಅವರು 1931ರಲ್ಲಿ ಗ್ರಂಥಾಲಯ ಶಾಸ್ತ್ರದ ಐದು ಸೂತ್ರಗಳನ್ನು ಪ್ರಕಟಿಸಿದರು. ಪುಸ್ತಕದ ಸಾರ್ಥಕ್ಯವು ಬಳಕೆಯಲ್ಲಿದೆ, ಓದುಗನಿಗೆ ತಕ್ಕ ಪುಸ್ತಕವೂ ಪುಸ್ತಕಕ್ಕೆ ತಕ್ಕ ಓದುಗನೂ ದೊರೆಯಬೇಕು, ಓದುಗನ ಹೊತ್ತು ವ್ಯರ್ಥವಾಗಬಾರದು, ಗ್ರಂಥಾಲಯವು ನಿರಂತರವಾಗಿ ಬೆಳೆಯತಕ್ಕದ್ದು ಎಂಬುದು ಅವುಗಳ ಭಾವಾರ್ಥ. ಆ ಮಹನೀಯರು 1957ರಲ್ಲಿ ಬೆಂಗಳೂರಿಗೆ ಬಂದು ನೆಲೆಸಿ, 1962ರಲ್ಲಿ ಇಲ್ಲಿಯೇ ಗ್ರಂಥಾಲಯ ವಿದ್ಯೆಯ ಶಿಕ್ಷಣ ಕೇಂದ್ರವನ್ನು ಸ್ಥಾಪಿಸಿ, 1972ರಲ್ಲಿ ಇಲ್ಲಿಯೇ ದೇಹವನ್ನು ಬಿಟ್ಟರು. ನಮ್ಮ ಊರಿನಲ್ಲಿಯೇ ಬಾಳಿದ ಅಂಥವರ ಮಾತು ನನ್ನ ಕಪಾಟಿನ ಬಾಗಿಲಿಗೆ ತಲುಪದೆ ಹೋದುದು ನನ್ನ ದೌರ್ಭಾಗ್ಯ.

ಇನ್ನು ಸಾರ್ವಜನಿಕ ಗ್ರಂಥಾಲಯದ ವಿಷಯ. ನಮ್ಮ ರಾಜ್ಯದಲ್ಲಿ ಅದಕ್ಕೆ ಆಧಾರವಾಗಿರುವುದು 1965ರ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆ. ಬೆಂಗಳೂರಿನಲ್ಲಿ ಮನೆಗಂದಾಯದ ಪ್ರತಿ 100 ರೂಪಾಯಿಗೆ 6 ರೂಪಾಯಿಗಳನ್ನು ಗ್ರಂಥಾಲಯ ಕರವೆಂದು ಕೂಡಿಸಿ ವಸೂಲು ಮಾಡುವರು. ಸ್ವಂತ ಮನೆಯುಳ್ಳವರು ಅದನ್ನು ನೇರವಾಗಿ ಕೊಡುವರು. ಬಾಡಿಗೆಯ ಕೋಣೆಯಲ್ಲಿರುವ ಕಾರ್ಮಿಕನು ಬಾಡಿಗೆಯ ಮೂಲಕ ಕೊಡುವನು. ಆದಕಾರಣ ಗ್ರಂಥಾಲಯದಿಂದ ಪುಸ್ತಕ ಪಡೆಯುವುದು ಯಾರ ಭಿಕ್ಷೆಯೂ ಅಲ್ಲ. ಎಲ್ಲರೂ ತಮ್ಮ ಕಾಯಕದ ಫಲದಲ್ಲಿ ಒಂದು ಪಾಲನ್ನು ಒಂದೆಡೆ ಸುರಿದು, ಎಲ್ಲರೂ ಅಲ್ಲಿಂದ ಬೇಕಾದಷ್ಟು ಪಡೆಯುವ ಈ ಏರ್ಪಾಡು, ನಾವು ದಾಸೋಹವೆಂದು ಕರೆಯುವ ಪದ್ಧತಿಗೆ ಬಲು ಹತ್ತಿರದ ನೆಂಟನಾಗಿದೆ.

ಆದರೆ ದಾಸೋಹದ ಮನೆ ತೆರೆದಿರುವ ಹೊತ್ತಿಗೆ ಹಸಿದವನು ಬರುವಂತಿರಬೇಕಷ್ಟೆ. ಇಲ್ಲಿ ನೆರೆದಿರುವವರಲ್ಲಿ ಪೀಣ್ಯದಲ್ಲಿ ಸರದಿಯ ಮೇಲೆ ದುಡಿಯುವವರುಂಟು. ವೈಟ್‌ಫೀಲ್ಡಿನಲ್ಲಿಯೂ ಎಲೆಕ್ಟ್ರಾನಿಕ್ ಸಿಟಿಯಲ್ಲಿಯೂ ಪರದೇಶದ ಹಗಲಿಗೆ ಹೊಂದಿಸಿಕೊಂಡು ನಮ್ಮ ರಾತ್ರಿಯಲ್ಲಿ ಗಣಕಯಂತ್ರದ ಮುಂದೆ ಕುಳಿತಿರುವವರುಂಟು. ಉಡುಪಿನ ಕಾರ್ಖಾನೆಗಳಿಂದ ಸಂಜೆ ಮನೆಗೆ ಹೋಗಿ ಒಲೆ ಹಚ್ಚುವ ತಾಯಂದಿರುಂಟು. ಕಬ್ಬನ್ ಉದ್ಯಾನದಲ್ಲಿ ಶೇಷಾದ್ರಿ ಅಯ್ಯರ್ ಅವರ ಸ್ಮಾರಕ ಭವನದಲ್ಲಿರುವ ಕೇಂದ್ರ ಗ್ರಂಥಾಲಯವು ಎಷ್ಟು ಭವ್ಯವಾಗಿದ್ದರೂ, ಈ ಹೊರವಲಯದಿಂದ ಅಲ್ಲಿಗೆ ಹೋಗಿಬರುವಷ್ಟರಲ್ಲಿ ಇವರ ಬಿಡುವಿನ ದಿನವೇ ಕಳೆದುಹೋಗುವುದು. ಬಡಾವಣೆಯ ಶಾಖೆಯ ಬಾಗಿಲು ಇವರ ಕೆಲಸ ಬಿಡುವ ಹೊತ್ತಿಗೆ ಹಾಕಿರುವುದು. ಹಗಲಿನಲ್ಲಿ ಬನ್ನಿರೆಂದು ಅಂದು ನಾನು ಹೇಳಿದ ಮಾತನ್ನೇ ಗಡಿಯಾರವೂ ಇವರಿಗೆ ಹೇಳುತ್ತಿರುವುದು.

ಈ ಅಡಚಣೆಗೆ ಪರಿಹಾರವಾಗಿ, 2020ರ ಫೆಬ್ರವರಿಯಲ್ಲಿ ಸಾರ್ವಜನಿಕ ಗ್ರಂಥಾಲಯ ಇಲಾಖೆಯವರು ಕರ್ನಾಟಕ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯವನ್ನು ಆರಂಭಿಸಿದರು. ಮರು ತಿಂಗಳಿನಲ್ಲಿಯೇ ಕೊರೊನಾ ವ್ಯಾಧಿಯ ದೆಸೆಯಿಂದ ದೇಶದ ಬಾಗಿಲುಗಳೆಲ್ಲವೂ ಮುಚ್ಚಿದವು. ಗ್ರಂಥಾಲಯಗಳಿಗೆ ಬೀಗ ಬಿದ್ದಿದ್ದ ಆ ದಿನಗಳಲ್ಲಿ ಬೀಗವಿಲ್ಲದ ಈ ಗ್ರಂಥಾಲಯವು ಅನೇಕರಿಗೆ ಒದಗಿತು. ಕೈಯಲ್ಲಿರುವ ಮೊಬೈಲಿನಲ್ಲಿ ಹೆಸರನ್ನೂ ಜಿಲ್ಲೆಯನ್ನೂ ದೂರವಾಣಿಯ ಸಂಖ್ಯೆಯನ್ನೂ ನಮೂದಿಸಿ ಸದಸ್ಯರಾದರೆ, ಅಲ್ಲಿಯೇ ಪುಸ್ತಕಗಳನ್ನೂ ನಿಯತಕಾಲಿಕಗಳನ್ನೂ ವಿದ್ಯಾರ್ಥಿಗಳ ಪಾಠಗಳನ್ನೂ ಓದಿ ನೋಡುವ ಅನುಕೂಲವನ್ನು ಕಲ್ಪಿಸಲಾಯಿತು. ಸದಸ್ಯತ್ವಕ್ಕೆ ಶುಲ್ಕವಿಲ್ಲ. ಈ ಒಂದು ಮಾತನ್ನು ತಾಯಂದಿರು ವಿಶೇಷವಾಗಿ ನೆನಪಿನಲ್ಲಿಡತಕ್ಕದ್ದು: ಗ್ರಂಥಾಲಯದ ಹೆಸರು ಹೇಳಿ ಯಾರಾದರೂ ಹಣವನ್ನಾಗಲಿ ಬ್ಯಾಂಕಿನ ಗುಟ್ಟಿನ ಅಂಕಿಗಳನ್ನಾಗಲಿ ಕೇಳಿದರೆ ಅವರು ಗ್ರಂಥಾಲಯದವರಲ್ಲ.

ವಿದ್ಯುನ್ಮಾನ ಪುಸ್ತಕವನ್ನು ಎರವಲು ಕೊಡುವುದೆಂದರೇನು, ಇಲ್ಲದ ಹಾಳೆಯನ್ನು ಹೇಗೆ ಕೊಟ್ಟು ಹೇಗೆ ಮರಳಿ ಪಡೆಯುವರು, ಎಂದು ಹಿರಿಯರು ನನ್ನನ್ನು ಕೇಳಿರುವರು. ನಾನು ತಿಳಿದುಕೊಂಡ ಮಟ್ಟಿಗೆ ಹೇಳುತ್ತೇನೆ. ಅಮೆರಿಕೆಯಲ್ಲಿ ನೆಲೆಸಿರುವ ನಮ್ಮ ಭಕ್ತರ ಮಕ್ಕಳು ತಮ್ಮ ಊರಿನ ಗ್ರಂಥಾಲಯದ ಚೀಟಿಯ ಬಲದಿಂದ ಲಿಬ್ಬಿ ಎಂಬ ಸಾಧನದಲ್ಲಿ ಪುಸ್ತಕಗಳನ್ನು ತರಿಸಿಕೊಳ್ಳುವರು. ಗ್ರಂಥಾಲಯವು ಒಂದು ಪ್ರತಿಗೆ ಹಣ ಕೊಟ್ಟಿದ್ದರೆ ಒಂದು ಸಲಕ್ಕೆ ಒಬ್ಬರಿಗೆ ಮಾತ್ರ ಕೊಡುವುದು ಅಲ್ಲಿ ಸಾಮಾನ್ಯ ಕ್ರಮ. ಉಳಿದವರು ಸಾಲಿನಲ್ಲಿ ಕಾಯಬೇಕು. ಎರಡು ಮೂರು ವಾರಗಳ ಗಡುವು ತೀರಿದೊಡನೆ ಪುಸ್ತಕವು ತಾನಾಗಿಯೇ ಮುಚ್ಚಿಕೊಂಡು ಮುಂದಿನವನ ಬಳಿಗೆ ಹೋಗುವುದು. ಹಾಳೆ ಹರಿಯಿತೆಂಬ ದೂರಿಲ್ಲ, ತಡವಾಯಿತೆಂಬ ದಂಡವಿಲ್ಲ. ಕೇಳುವ ಪುಸ್ತಕಗಳಿಗೂ ಇದೇ ಕ್ರಮ. ಅಕ್ಷರಕ್ಕೆ ಬದಲಾಗಿ ಒಬ್ಬರು ಓದಿದ ಧ್ವನಿಯಿರುವುದಷ್ಟೇ ಭೇದ.

ಇದರಲ್ಲಿ ದೋಷವೇ ಇಲ್ಲವೆಂದು ನಾನು ಹೇಳಲಾರೆನು. ಕಾಗದದ ಪುಸ್ತಕವನ್ನು ಗ್ರಂಥಾಲಯವು ಕೊಂಡರೆ ಅದು ಗ್ರಂಥಾಲಯದ ಸ್ವತ್ತು. ವಿದ್ಯುನ್ಮಾನ ಪುಸ್ತಕವನ್ನಾದರೋ ಹಲವೆಡೆ ಕೊಳ್ಳುವುದಿಲ್ಲ, ಕೇವಲ ಅನುಮತಿಯನ್ನು ಪಡೆಯುವರು. 2011ರಲ್ಲಿ ಹಾರ್ಪರ್‌ಕಾಲಿನ್ಸ್ ಎಂಬ ಪ್ರಕಾಶಕರು, ಒಂದು ಪ್ರತಿಯನ್ನು 26 ಸಲ ಎರವಲು ಕೊಟ್ಟ ಮೇಲೆ ಗ್ರಂಥಾಲಯವು ಮತ್ತೆ ಹಣ ತೆರಬೇಕೆಂದು ನಿಯಮ ಮಾಡಿದಾಗ ಅಲ್ಲಿ ದೊಡ್ಡ ವಿವಾದವೆದ್ದಿತು. ಅನುಮತಿ ಮುಗಿದರೆ ಪುಸ್ತಕವೂ ಮಾಯವಾಗುವುದು. ಹೀಗಿರಲಾಗಿ, ಹೊಸ ಮಾರ್ಗ ಬಂದಿತೆಂದು ಕಾಗದದ ಗ್ರಂಥಗಳನ್ನು ರದ್ದಿಗೆ ಹಾಕುವ ಅವಿವೇಕವನ್ನು ಯಾರೂ ಮಾಡಬಾರದು. ಒಂದು ಕಾಪಾಡುವುದಕ್ಕೆ, ಮತ್ತೊಂದು ಸಂಚರಿಸುವುದಕ್ಕೆ. ಸ್ಥಾವರ ಜಂಗಮಗಳ ವಿವೇಕವನ್ನು ಬಲ್ಲ ಈ ಸಭೆಗೆ ಹೆಚ್ಚು ಹೇಳಬೇಕಾದುದಿಲ್ಲ.

ಕೇಳುವುದು ಓದಾಗುವುದೇ ಎಂಬ ಆಕ್ಷೇಪವನ್ನು ವಿದ್ಯಾವಂತರೇ ಎತ್ತುತ್ತಾರೆ. ಪಾಠಶಾಲೆಯಲ್ಲಿ ಬೆಳೆದ ನನಗೆ ಈ ಆಕ್ಷೇಪವೇ ಆಶ್ಚರ್ಯಕರ. ನಾನು ಸೂತ್ರಗಳನ್ನು ಪುಸ್ತಕದಲ್ಲಿ ಕಾಣುವುದಕ್ಕೆ ಮೊದಲು ಕಿವಿಯಿಂದ ಕಲಿತವನು. ಶ್ರಾವಣ ಮಾಸದಲ್ಲಿ ಮಠಮಠಗಳಲ್ಲಿ ಪುರಾಣ ನಡೆಯುವಾಗ, ಒಬ್ಬರು ಓದಿ ಮತ್ತೊಬ್ಬರು ಅರ್ಥ ಹೇಳಿ, ಅಕ್ಷರವನ್ನೇ ಅರಿಯದ ಒಕ್ಕಲು ಮಕ್ಕಳು ಹರಿಹರ ರಾಘವಾಂಕರನ್ನೂ ಚಾಮರಸನನ್ನೂ ತಮ್ಮವರನ್ನಾಗಿ ಮಾಡಿಕೊಳ್ಳಲಿಲ್ಲವೇ? ಶ್ರವಣದ ಮೇಲೆ ಮನನ, ಅದರ ಮೇಲೆ ನಿದಿಧ್ಯಾಸನ ಎಂದು ಹಿರಿಯರು ಕ್ರಮವನ್ನು ಹೇಳಿರುವಾಗ, ಮೊದಲ ಮೆಟ್ಟಿಲನ್ನು ಹೀನವೆಂದು ಎಣಿಸುವುದು ಸಲ್ಲದು. ನಮ್ಮ ಮೆಟ್ರೋ ರೈಲು 2014ರಲ್ಲಿ ಪೀಣ್ಯಕ್ಕೂ, 2023ರಲ್ಲಿ ವೈಟ್‌ಫೀಲ್ಡಿಗೂ, 2025ರ ಆಗಸ್ಟಿನಲ್ಲಿ ಎಲೆಕ್ಟ್ರಾನಿಕ್ ಸಿಟಿಗೂ ಓಡಾಡತೊಡಗಿತು. ನಿಂತುಕೊಂಡೇ ಪ್ರಯಾಣ ಮಾಡುವವನಿಗೆ ಪುಸ್ತಕ ಬಿಡಿಸಲು ಸ್ಥಳವಿಲ್ಲ. ಕಿವಿಗೆ ಮಾತ್ರ ಬಿಡುವಿದೆ. ಆದರೆ ಒಂದು ಎಚ್ಚರ. ಕಿವಿಯಲ್ಲಿ ಧ್ವನಿ ಹರಿಯುತ್ತಿದ್ದು ಮನಸ್ಸು ಬೇರೆಡೆ ಅಲೆಯುತ್ತಿದ್ದರೆ ಅದು ಶ್ರವಣವಲ್ಲ. ಕೇಳಿದುದನ್ನು ರಾತ್ರಿ ಮಲಗುವ ಮುನ್ನ ಒಮ್ಮೆ ನೆನೆಯತಕ್ಕದ್ದು.

ಕಣ್ಣಿಲ್ಲದವರ ಪಾಲಿಗಂತೂ ಇದು ಅನುಕೂಲವಲ್ಲ, ಹಕ್ಕು. ಮುದ್ರಿತ ಅಕ್ಷರವನ್ನು ಓದಲಾಗದವರಿಗೆ ಓದಬಲ್ಲ ರೂಪದಲ್ಲಿ ಪುಸ್ತಕಗಳನ್ನು ಮಾಡಿಕೊಡುವುದಕ್ಕೆ ಕೃತಿಸ್ವಾಮ್ಯವು ಅಡ್ಡಬರಬಾರದೆಂದು 2013ರಲ್ಲಿ ಮರಾಕೆಶ್ ನಗರದಲ್ಲಿ ರಾಷ್ಟ್ರಗಳ ಒಡಂಬಡಿಕೆಯಾಯಿತು. 2014ರಲ್ಲಿ ಅದನ್ನು ಎಲ್ಲರಿಗಿಂತಲೂ ಮೊದಲು ಅನುಮೋದಿಸಿದ ದೇಶ ನಮ್ಮದೆಂಬುದು ಹೆಮ್ಮೆಯ ಸಂಗತಿ. 2016ರಲ್ಲಿ ಅಂಥವರಿಗಾಗಿ ಸುಗಮ್ಯ ಪುಸ್ತಕಾಲಯವೆಂಬ ಅಂತರ್ಜಾಲ ಗ್ರಂಥಾಲಯವೂ ಆರಂಭವಾಯಿತು. ನನಗೆ ವಿದ್ಯೆ ಕೊಟ್ಟ ಗುರುಗಳು ಈಗ ವೃದ್ಧಾಪ್ಯದಲ್ಲಿ ದೃಷ್ಟಿಯನ್ನು ಕಳೆದುಕೊಂಡು, ಯಾರಾದರೂ ಬಂದು ಎರಡು ಪುಟ ಓದಿಯಾರೆಂದು ಬಾಗಿಲ ಕಡೆಗೆ ಕಿವಿಗೊಟ್ಟು ಕುಳಿತಿರುವರು. ಸಾವಿರಾರು ಪುಟಗಳನ್ನು ನಮ್ಮ ಕಿವಿಗೆ ಓದಿದವರು ಅವರು. ಅವರಿಗೆ ಓದಿ ಹೇಳುವ ಧ್ವನಿಗಳನ್ನು ಸಿದ್ಧಪಡಿಸುವುದು ನಮ್ಮ ಋಣ.

ಈ ಸಂದರ್ಭದಲ್ಲಿ ಒಂದು ಅಪ್ರಿಯ ಸತ್ಯವನ್ನು ಹೇಳಲೇಬೇಕು. ಇಂದಿನ ಲೇಖಕರ ಪುಸ್ತಕಗಳನ್ನು ಯಾರೋ ಪಡಿಯಚ್ಚು ಮಾಡಿ ವಾಟ್ಸಾಪಿನಲ್ಲಿ ಹರಿಯಬಿಡುವುದೂ, ನಾವು ಅದನ್ನು ಪುಣ್ಯಕಾರ್ಯವೆಂಬಂತೆ ಹತ್ತು ಜನಕ್ಕೆ ಕಳುಹಿಸುವುದೂ ನಡೆದಿದೆ. ಬಸವಣ್ಣನವರು ಹೇಳಿದ ನಿಷೇಧಗಳಲ್ಲಿ ಕಳವು ಮೊದಲನೆಯದೆಂಬುದನ್ನು ಈ ಸಭೆಯಲ್ಲಿ ಬಲ್ಲದವರಾರು? ಬರೆದವನ ಕಾಯಕಕ್ಕೂ ಅಚ್ಚು ಹಾಕಿದವನ ಕಾಯಕಕ್ಕೂ ಕೂಲಿ ಸಲ್ಲಬೇಕು. ಗ್ರಂಥಾಲಯದ ಎರವಲು ಆ ಕೂಲಿಯನ್ನು ಸಲ್ಲಿಸಿ ಪಡೆದ ಸೊತ್ತು. ಆ ಪಡಿಯಚ್ಚು ಸಲ್ಲಿಸದೆ ಪಡೆದದ್ದು. ಎರಡಕ್ಕೂ ಹಣ ಕೊಡಲಿಲ್ಲವಾದ್ದರಿಂದ ಎರಡೂ ಒಂದೇ ಎಂದು ಭಾವಿಸಬಾರದು.

ಹಾಗಾದರೆ ಮುಕ್ತವಾಗಿ ಹಂಚಬಹುದಾದ ಸಂಪತ್ತು ನಮ್ಮಲ್ಲಿಲ್ಲವೇ? ಧಾರಾಳವಾಗಿದೆ. ಫ. ಗು. ಹಳಕಟ್ಟಿಯವರು ತಾಡವೋಲೆಗಳನ್ನು ಹುಡುಕಿ ಊರೂರು ಅಲೆದು, 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಹೊರತಂದರು. ಮುದ್ರಣಾಲಯಕ್ಕಾಗಿ ಇದ್ದ ಮನೆಯನ್ನೇ ಮಾರಿದರು. ಆ ಪುಣ್ಯಪುರುಷರು ಲಿಂಗೈಕ್ಯರಾದುದು 1964ರಲ್ಲಿ. ನಮ್ಮ ದೇಶದ ಕಾಯಿದೆಯಂತೆ ಕೃತಿಸ್ವಾಮ್ಯವು ಲೇಖಕನ ಮರಣಾನಂತರ 60 ವರ್ಷ ಉಳಿಯುವುದಾದ್ದರಿಂದ, 2025ನೆಯ ಇಸವಿಯ ಜನವರಿ 1ರಿಂದ ಅವರು ಬರೆದ ಗ್ರಂಥಗಳು ಸಮಸ್ತ ಜನರ ಸ್ವತ್ತಾಗಿವೆ. 1993ರಲ್ಲಿ ರಾಜ್ಯ ಸರ್ಕಾರದವರು ಸಮಗ್ರ ವಚನ ಸಂಪುಟಗಳನ್ನು 15 ಭಾಗಗಳಲ್ಲಿ ಪ್ರಕಟಿಸಿದರು. ವಚನ ಸಂಚಯವೆಂಬ ಅಂತರ್ಜಾಲ ತಾಣದಲ್ಲಿ ಕೆಲವು ಉತ್ಸಾಹಿಗಳು 20,000ಕ್ಕೂ ಮಿಕ್ಕ ವಚನಗಳನ್ನು, ಒಂದು ಶಬ್ದವನ್ನು ಕೊಟ್ಟರೆ ಅದಿರುವ ವಚನಗಳೆಲ್ಲ ಎದುರಿಗೆ ನಿಲ್ಲುವಂತೆ ಜೋಡಿಸಿಟ್ಟಿರುವರು. ನಾನು ಎರಡು ದಿನ ಓಲೆ ತಿರುವಿ ಹುಡುಕುತ್ತಿದ್ದುದು ಅಲ್ಲಿ ನಿಮಿಷದ ಕೆಲಸ. ಮೊದಲ ದಿನ ಅದನ್ನು ಕಂಡು ನನಗೆ ಸಂತೋಷಕ್ಕಿಂತ ಹೆಚ್ಚಾಗಿ ಅಸೂಯೆಯಾಯಿತೆಂದು ಒಪ್ಪಿಕೊಳ್ಳುತ್ತೇನೆ.

ಆದರೂ ಕೊರತೆಯುಂಟು. ಧ್ವನಿಯ ರೂಪದಲ್ಲಿ ನಮ್ಮ ಪ್ರಾಚೀನ ಗ್ರಂಥಗಳು ಸಾಲದು. 2005ರಲ್ಲಿ ಆರಂಭವಾದ ಲಿಬ್ರಿವಾಕ್ಸ್ ಎಂಬ ಪ್ರಯತ್ನದಲ್ಲಿ, ಕೃತಿಸ್ವಾಮ್ಯ ತೀರಿದ ಪುಸ್ತಕಗಳನ್ನು ನಾನಾ ದೇಶಗಳ ಜನರು ಸಂಬಳವಿಲ್ಲದೆ ತಮ್ಮ ಮನೆಗಳಲ್ಲಿಯೇ ಓದಿ, ಧ್ವನಿ ಹಿಡಿದು, ಲೋಕಕ್ಕೆ ಉಚಿತವಾಗಿ ಕೊಟ್ಟಿರುವರು. ದಾಸೋಹವನ್ನು ಕುಲಧರ್ಮವೆಂದು ಹೇಳಿಕೊಳ್ಳುವ ನಾವು ಇದನ್ನು ಮಾಡಲಾರೆವೇ? ಶುದ್ಧವಾಗಿ ಓದಬಲ್ಲ ಪಾಠಶಾಲೆಯ ವಟುಗಳು ಇಲ್ಲಿದ್ದಾರೆ. ಯಂತ್ರವನ್ನು ಬಲ್ಲ ತರುಣರು ವೈಟ್‌ಫೀಲ್ಡಿನಿಂದಲೂ ಎಲೆಕ್ಟ್ರಾನಿಕ್ ಸಿಟಿಯಿಂದಲೂ ಬಂದು ಈ ಸಭೆಯಲ್ಲಿಯೇ ಕುಳಿತಿದ್ದಾರೆ. ಇವರಿಬ್ಬರೂ ಒಂದೇ ಪಂಕ್ತಿಯಲ್ಲಿ ಪ್ರಸಾದ ಸ್ವೀಕರಿಸುವರಾದರೂ ಒಬ್ಬರ ವಿದ್ಯೆ ಇನ್ನೊಬ್ಬರಿಗೆ ಇದುವರೆಗೆ ಉಪಯೋಗವಾಗಿಲ್ಲ.

ಆದಕಾರಣ ಸನ್ನಿಧಾನಂಗಳವರಲ್ಲಿಯೂ ಮಹಾಜನರಲ್ಲಿಯೂ ನಾಲ್ಕು ಬಿನ್ನಹಗಳನ್ನು ಮಾಡಿಕೊಳ್ಳುತ್ತೇನೆ. ಮೊದಲನೆಯದಾಗಿ, ಶ್ರೀಮಠವೇ ಸ್ವಾಮ್ಯ ಹೊಂದಿರುವ ಪ್ರಕಟಣೆಗಳನ್ನು ಗ್ರಂಥಾಲಯ ಇಲಾಖೆಗೆ ವಿದ್ಯುನ್ಮಾನ ರೂಪದಲ್ಲಿ ಒಪ್ಪಿಸಿ, ಕೇಳಿದವರಿಗೆಲ್ಲ ಎರವಲು ದೊರೆಯುವಂತೆ ಅನುಮತಿ ಕೊಡೋಣವಾಗಲಿ. ಮಾರಾಟ ಕುಗ್ಗುವುದೆಂದು ಕೆಲವರಿಗೆ ಭಯವಿದೆ. ಆದರೆ ಓದಿ ಮೆಚ್ಚಿದವನೇ ಕೊಂಡು ಮನೆಯಲ್ಲಿಡುವವನು. ಎರಡನೆಯದಾಗಿ, ಹಳಕಟ್ಟಿಯವರ ಗ್ರಂಥಗಳಿಂದ ಆರಂಭಿಸಿ, ವಟುಗಳ ಧ್ವನಿಯಲ್ಲಿ ಕೇಳುವ ಪುಸ್ತಕಗಳು ಸಿದ್ಧವಾಗಲಿ. ಮೂರನೆಯದಾಗಿ, ಭಾನುವಾರ ಪ್ರಸಾದದ ತರುವಾಯ ಒಂದು ಗಂಟೆಯ ಕಾಲ, ವೃದ್ಧರಿಗೂ ತಾಯಂದಿರಿಗೂ ಗ್ರಂಥಾಲಯದ ಸದಸ್ಯರಾಗುವ ಕ್ರಮವನ್ನು ತರುಣರು ಕೈಹಿಡಿದು ಕಲಿಸಲಿ. ಹಳ್ಳಿಗಳಲ್ಲಿರುವ ತಂದೆತಾಯಿಗಳಿಗೂ ಈ ವಿಷಯ ತಿಳಿಸಲಿ. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳಿಗೆ ಈಗ ಅರಿವು ಕೇಂದ್ರಗಳೆಂಬ ಹೆಸರು ಬಂದಿದೆ, ಅರಿವೆಂಬುದು ಶರಣರಿಗೆ ಪ್ರಿಯವಾದ ಶಬ್ದ.

ನಾಲ್ಕನೆಯ ಬಿನ್ನಹವು ನನ್ನನ್ನು ಕುರಿತದ್ದು. ಗ್ರಂಥಭಂಡಾರದ ಕೀಲಿಕೈ ಇನ್ನು ನನ್ನೊಬ್ಬನಲ್ಲಿಯೇ ಇರಕೂಡದು. ತಾಡವೋಲೆಗಳನ್ನೂ ಜೀರ್ಣ ಪ್ರತಿಗಳನ್ನೂ ಬಿಟ್ಟು, ಮಿಕ್ಕ ಗ್ರಂಥಗಳನ್ನು ರಾತ್ರಿ ಒಂಬತ್ತು ಗಂಟೆಯವರೆಗೆ ಎರವಲು ಕೊಡುವ ವ್ಯವಸ್ಥೆಯಾಗಲಿ. ಓಲೆಗಳ ಪಡಿಯಚ್ಚುಗಳನ್ನು ತೆಗೆಸಿ, ಅವುಗಳನ್ನೂ ಜಿಜ್ಞಾಸುಗಳಿಗೆ ತೆರೆದಿಡೋಣವಾಗಲಿ. ಅನ್ನವನ್ನು ಕೊಟ್ಟರೆ ಪಾತ್ರೆ ಬರಿದಾಗುವುದು, ಮತ್ತೆ ಬೇಯಿಸಬೇಕು. ಈ ಬಗೆಯ ಗ್ರಂಥವನ್ನು ಕೊಟ್ಟರೆ ಕೊಟ್ಟವನಲ್ಲಿಯೂ ಉಳಿಯುವುದು. ಇಷ್ಟು ಸುಲಭವಾದ ದಾಸೋಹವನ್ನೂ ಮಾಡದೆ ಹೋದರೆ ನಮಗೆ ಹೇಳಿಕೊಳ್ಳಲು ನೆವವಿರುವುದಿಲ್ಲ.

ಪೀಣ್ಯದ ಆ ತರುಣನು ಎಲ್ಲಿರುವನೋ ಅರಿಯೆನು. ಈಗ ಆತನೂ ನಡುವಯಸ್ಸಿನವನಾಗಿರಬೇಕು. ಈ ಸಭೆಯಲ್ಲಿಯೇ ಎಲ್ಲಿಯಾದರೂ ಕುಳಿತಿದ್ದರೆ, ಗೋಷ್ಠಿ ಮುಗಿದ ಮೇಲೆ ದಯವಿಟ್ಟು ನನ್ನನ್ನು ಕಾಣಬೇಕು. ಮೊದಲು ಆತನ ಹೆಸರನ್ನು ಕೇಳುತ್ತೇನೆ. ಆಮೇಲೆ ಪುಸ್ತಕವನ್ನು ಕೊಡುತ್ತೇನೆ.